ಲಕ್ಕಮ್ಮನ ಪ್ರಶ್ನೆ

ನಮ್ಮ ಹೊನವಾಡದ ಸೀಮೆಯಲ್ಲಿ ಜೋಳದ ಕೊಯ್ಲಾದ ಮೇಲೆ ಹೊಲದಲ್ಲುಳಿದ ತೆನೆಗಳನ್ನು ಬಡವರು ಆರಿಸಿಕೊಳ್ಳುವುದಕ್ಕೆ ಹಕ್ಕಲಾಯುವುದೆಂದು ಹೆಸರು. ಆಯ್ದಕ್ಕಿ ಮಾರಯ್ಯನ ಕಾಯಕವು ಇದಕ್ಕೆ ಸಮೀಪವಾದುದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿರುವುದು ವಾಚಕರಿಗೆ ವಿದಿತವೇ ಆಗಿದೆ. ಇದನ್ನು ಬಡತನದ ಸ್ತುತಿಯೆಂದು ಬೋಧಿಸುವ ರೂಢಿಯುಂಟು. ಆ ಅರ್ಥವು ಸಾಲದೆಂದು ನನ್ನ ಮತ.

ಮಾರಯ್ಯನಲ್ಲಿ ತೋರುವ ದೋಷಗಳು ಎರಡು. ಅವು ಪರಸ್ಪರ ವಿರುದ್ಧವಾದವು. ಮೊದಲು ಅವನು ಶರಣರ ಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನು ನಿಲ್ಲಿಸುತ್ತಾನೆ. ಬಳಿಕ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಮೈಗಳ್ಳತನವು ದೋಷವೆಂಬುದನ್ನು ಎಲ್ಲರೂ ಬಲ್ಲರು. ಹವಣು ಮೀರಿದ ಗಳಿಕೆಯೂ ಅದೇ ಮರೆವಿನ ಇನ್ನೊಂದು ಮುಖವೆಂದು ಕಂಡವಳು ಲಕ್ಕಮ್ಮ.

ಅವಳು ತಿದ್ದಿದ ರೀತಿಯನ್ನು ಗಮನಿಸಬೇಕು. ಮೊದಲನೆಯ ಸಲ ಕಾಯಕವು ನಿಂತಿತೆಂದು ನೆನಪಿಸಿ ಕಳುಹಿಸುತ್ತಾಳೆ. ಎರಡನೆಯ ಸಲ ತೀರ್ಪಿಗೆ ಮುನ್ನ ಪ್ರಶ್ನೆಯನ್ನಿಡುತ್ತಾಳೆ: ಇದನ್ನು ತಂದುದು ನಿಮ್ಮ ಮನಸ್ಸೋ, ಬಸವಣ್ಣನವರ ಮನಸ್ಸೋ? 'ಒಮ್ಮನ', 'ಇಮ್ಮನ'ಗಳೆಂಬ ಅವಳ ಪದಗಳ ಗುರಿಯು ಅಕ್ಕಿಯ ಅಳತೆಯಲ್ಲ, ಆಯುವವನ ಚಿತ್ತ. ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಹೇಳುವಾಗಲೂ ಬಹುವಚನದ ಗೌರವವು ತಪ್ಪುವುದಿಲ್ಲ. ಅವಳ ಅಂಕಿತವಾದರೋ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಯಾರನ್ನು ಆಕ್ಷೇಪಿಸುತ್ತಾಳೋ ಅವನ ಹೆಸರೇ ಆಕ್ಷೇಪದ ಮುದ್ರೆಯಲ್ಲಿ ಪ್ರೀತಿಯೊಡನೆ ಕುಳಿತಿದೆ. ಪತಿವ್ರತಾಧರ್ಮವೆಂಬ ಒಂದೇ ಮಾತಿನಿಂದ ಇದನ್ನು ವಿವರಿಸಲಾಗದು. ಇದು ಸಹಕಾಯಕಿಗಳ ಸಂಬಂಧ.

ನಮ್ಮ ಜಿಲ್ಲೆಯ ಶಿವಣಗಿಯವನೆನ್ನುವ ನುಲಿಯ ಚಂದಯ್ಯನ ಕಥೆಯೂ ಇಂತಹುದೇ. ನೀರಿಗೆ ಬಿದ್ದ ಲಿಂಗವನ್ನೂ ಲೆಕ್ಕಿಸದೆ ಹುಲ್ಲು ಕೊಯ್ಯುತ್ತಿದ್ದ ಅವನಿಗೆ ಬುದ್ಧಿ ಹೇಳಿದವನು ಬಟ್ಟೆಯೊಗೆವ ಮಡಿವಾಳ ಮಾಚಯ್ಯ.

ಪಾಣಿನೀಯವನ್ನೋದಿದ ನನಗೆ 'ಕಾಯಿಕ'ವಿರಬೇಕಾದಲ್ಲಿ 'ಕಾಯಕ'ವೇಕೆಂದು ಬಹುಕಾಲ ಅಸಮಾಧಾನವಿದ್ದಿತು. 1923ರಲ್ಲಿ ವಚನಶಾಸ್ತ್ರಸಾರವನ್ನೂ 1926ರಿಂದ ಶಿವಾನುಭವವನ್ನೂ ಹೊರತಂದ ವಿಜಯಪುರದ ಫ. ಗು. ಹಳಕಟ್ಟಿಯವರ ಗ್ರಂಥಗಳನ್ನೋದಿದ ಮೇಲೆ ಆ ಜಗಳವನ್ನು ಬಿಟ್ಟೆನು.

ಸ್ವಾನುಭವವೊಂದುಂಟು. ಒಂದು ಪಾಠಶಾಲೆಯಲ್ಲಿ ಇತರರ ತರಗತಿಗಳನ್ನೂ ನಾನೇ ಎಳೆದುಕೊಂಡು, ರಾತ್ರಿ ನಿದ್ರೆಗೆಟ್ಟು, ಅದನ್ನೇ ನಿಷ್ಠೆಯೆಂದು ತಿಳಿದಿದ್ದೆನು. ಕಿರಿಯ ಅಧ್ಯಾಪಕರೊಬ್ಬರು ಒಂದು ದಿನ, "ಪಂಡಿತರೇ, ಈ ಪಾಠಗಳು ಮಕ್ಕಳಿಗೆ ಬೇಕೋ, ತಮಗೆ ಬೇಕೋ?" ಎಂದರು. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಾನು ಉತ್ತರಿಸಲಿಲ್ಲ, ಮರುವಾರ ಎರಡು ತರಗತಿಗಳನ್ನು ಅವರಿಗೇ ಹಿಂದಿರುಗಿಸಿದೆನು.