ಮನೇಲಿ ಹುಡುಗಿ ದೊಡ್ಡವಳಾದ್ರೆ: ಆರತಿಗಿಂತ ಮೊದಲು ಗೊತ್ತಿರಬೇಕಾದ್ದು

ಶಿರಾ: ಮಗಳು ಆರನೇ ಕ್ಲಾಸು. ಅಮ್ಮ ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನ್ ಹತ್ತಿದ್ರೆ ಬರೋದು ಸಂಜೆ ಏಳಕ್ಕೆ. ಮಧ್ಯಾಹ್ನ ಶಾಲೆಯಿಂದ ಅಪ್ಪನಿಗೆ ಫೋನ್ ಬರುತ್ತೆ, ಮಗೂನ ಕರ್ಕೊಂಡು ಹೋಗಿ ಅಂತ. ಯಾಕೆ ಏನು ಅಂತ ಮೇಡಂ ಬಿಡಿಸಿ ಹೇಳಲ್ಲ, ಅಪ್ಪನೂ ಕೇಳಲ್ಲ. ಬೈಕಲ್ಲಿ ಕೂರಿಸಿಕೊಂಡು ಬಂದು ಮನೇಲಿ ಬಿಟ್ಟು, ಪಕ್ಕದ ಮನೆ ಅಜ್ಜಿಗೆ ಒಂದು ಮಾತು ಹೇಳಿ ಅವರು ಮತ್ತೆ ಅಂಗಡಿಗೆ. ಆ ಹುಡುಗಿ ಮಾತ್ರ ಸಂಜೆವರೆಗೂ ಮೂಲೇಲಿ ಕೂತು, ಒಳಗೆ ಏನೋ ಗಾಯ ಆಗಿದೆ, ನಾನು ಸತ್ತೇ ಹೋಗ್ತೀನಿ ಅಂದುಕೊಂಡಿರ್ತಾಳೆ.

ನಮ್ಮ ತಾಲೂಕಲ್ಲಿ ಇದು ಎಷ್ಟೋ ಮನೆಗಳಲ್ಲಿ ನಡೆಯೋದೇ. ಈ ವಿಷಯ ಹೆಂಗಸರದ್ದು, ಹೆಂಗಸರೇ ನೋಡ್ಕೋತಾರೆ ಅಂತ ಬಿಟ್ಟುಬಿಡ್ತೀವಿ. ಆದರೆ ಆ ಗಳಿಗೆಯಲ್ಲಿ ಮನೇಲಿ ಇರೋದು ಅಪ್ಪನೋ ಅಣ್ಣನೋ ಆಗಿರಬಹುದು. ಪ್ಯಾಡ್ ಕೊಡೋನು ಅಂಗಡಿಯವನು. ನಮ್ಮ ಪುಟ ಓದೋರಲ್ಲಿ ಇವರೇ ಜಾಸ್ತಿ, ಅದಕ್ಕೇ ಇದನ್ನ ಗಂಡಸರೂ ಓದಲಿ ಅಂತ ಬರೀತಿದ್ದೀನಿ. ಬರೀತಿರೋ ನಾನೂ ಗಂಡಸೇ.

ಮೊದಲು ವಯಸ್ಸಿನ ವಿಷಯ. ಹೆಚ್ಚಿನ ಹುಡುಗಿಯರಿಗೆ ಮೊದಲ ಮುಟ್ಟು 10ರಿಂದ 15 ವರ್ಷದೊಳಗೆ ಬರುತ್ತೆ. "ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಹೊತ್ತಿಗೆ ಆಗ್ತಿತ್ತು, ಈಗ ಐದನೇ ಕ್ಲಾಸಿಗೇ ಆಗುತ್ತೆ, ಎಲ್ಲಾ ಬೇಕರಿ ತಿಂಡಿ, ಫಾರಂ ಕೋಳಿ" ಅಂತ ಕಟ್ಟೆ ಮೇಲೆ ಕೂತು ಹೇಳೋರಿದ್ದಾರೆ. ಐದನೇ ಕ್ಲಾಸಲ್ಲಿ ಆದರೂ ಅದು ರೋಗ ಅಲ್ಲ. ಎಂಟು ವರ್ಷಕ್ಕೂ ಮೊದಲೇ ಆದರೆ, ಅಥವಾ 15 ತುಂಬಿದರೂ ಆಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಇನ್ನೊಂದು ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ: ಮುಟ್ಟೇ ಆಗಿಲ್ಲ, ಆದರೆ ಪ್ರತಿ ತಿಂಗಳೂ ಕೆಳಹೊಟ್ಟೆ ನೋವು ಮಾತ್ರ ಬಂದು ಹೋಗ್ತಿದೆ ಅಂದ್ರೆ ತಡ ಮಾಡಬೇಡಿ. ಕೆಲವರಿಗೆ ರಕ್ತ ಹೊರಗೆ ಬರೋ ದಾರಿ ಹುಟ್ಟಿನಿಂದಲೇ ಮುಚ್ಚಿರುತ್ತೆ. ಸಣ್ಣ ಆಪರೇಷನ್ನಿನಲ್ಲಿ ಸರಿಹೋಗೋದನ್ನ ದೃಷ್ಟಿ ತೆಗೆಸ್ತಾ ಕೂರೋದು ಬೇಡ.

ಮುಟ್ಟು ಹೇಳದೆ ಕೇಳದೆ ಬರುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಎದೆ ಬೆಳೆಯೋಕೆ ಶುರುವಾಗಿ ಎರಡು, ಎರಡೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮುಟ್ಟು ಬರುತ್ತೆ. ಅದಕ್ಕೆ ಕೆಲವು ತಿಂಗಳು ಮೊದಲಿನಿಂದ ಬಿಳಿಯಾಗಿ ಲೋಳೆ ಥರ ಹೋಗೋಕೆ ಶುರುವಾಗುತ್ತೆ. ಅಮ್ಮಂದಿರಿಗೆ ಇದು ಕಂಡೇ ಕಾಣುತ್ತೆ. ಮಗಳನ್ನ ಕೂರಿಸಿಕೊಂಡು ಹೇಳಬೇಕಾದ ಹೊತ್ತು ಅದೇ. ಹೇಳೋಕೆ ಏನು ಕಷ್ಟ? "ಹೆಣ್ಣಿನ ಹೊಟ್ಟೇಲಿ ಗರ್ಭಕೋಶ ಅಂತ ಇರುತ್ತೆ, ತಿಂಗಳು ತಿಂಗಳು ಅದರ ಒಳಗೆ ಮೆತ್ತಗೆ ಒಂದು ಪದರ ಕಟ್ಟುತ್ತೆ, ಮಗು ಬರಲಿಲ್ಲ ಅಂದ್ರೆ ಅದು ಕಳಚಿ ರಕ್ತದ ಜೊತೆ ಹೋಗುತ್ತೆ, ನಂಗೂ ಆಗುತ್ತೆ, ನಿಮ್ಮ ಟೀಚರಿಗೂ ಆಗುತ್ತೆ." ಇಷ್ಟೇ. ಅದನ್ನ ಬಿಟ್ಟು "ಕಾಗೆ ಮುಟ್ಟಿದೆ" ಅಂದ್ರೆ ಹತ್ತು ವರ್ಷದ ಮಗು ಕಾಗೆ ಎಲ್ಲಿ ಅಂತ ಹುಡುಕುತ್ತೆ.

ರಕ್ತ ನೋಡಿ ಹೆದರೋದು ಸಹಜ. ಆದರೆ ಒಂದು ಸಲದ ಮುಟ್ಟಿನಲ್ಲಿ ಎಲ್ಲಾ ದಿನ ಸೇರಿ ಹೋಗೋ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿ, ಅಂದ್ರೆ ಸಾರಿನ ಸೌಟಿನಲ್ಲಿ ಅರ್ಧ, ಮುಕ್ಕಾಲು. ಮೊದಲ ಸಲ ಕಂದು ಬಣ್ಣದಲ್ಲಿ ಬರೀ ಕಲೆ ಥರ ಕಾಣಿಸಿ ನಿಂತೂ ಹೋಗಬಹುದು. ಎರಡರಿಂದ ಏಳು ದಿನ ಇರುತ್ತೆ. ಮುಂದಿನ ತಿಂಗಳು ಸರಿಯಾಗಿ ಅದೇ ದಿನ ಬರಬೇಕು ಅಂತಿಲ್ಲ. ಮೊದಲ ಒಂದೆರಡು ವರ್ಷ 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಗೋಡೆ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯೋ ಹಾಗೆ ಶುರುವಾದ ದಿನಕ್ಕೊಂದು ಚುಕ್ಕೆ ಇಡೋದನ್ನ ಹುಡುಗಿಗೇ ಹೇಳಿಕೊಡಿ. ಡಾಕ್ಟರ್ ಮೊದಲು ಕೇಳೋದು ಆ ದಿನಾಂಕವನ್ನೇ.

ಪ್ಯಾಡ್ ಹಾಕೋದು ಹೇಗೆ ಅಂತ ಒಂದು ಸಲ ಬಿಡಿಸಿ ತೋರಿಸಬೇಕು. ಅಂಟಿರೋ ಕಡೆ ಬಟ್ಟೆಗೆ, ಮೆತ್ತಗಿರೋ ಕಡೆ ಮೈಗೆ. ನಗಬೇಡಿ, ಉಲ್ಟಾ ಹಾಕ್ಕೊಂಡು ಒದ್ದಾಡಿದ ಮಕ್ಕಳಿದ್ದಾರೆ. ರಕ್ತ ಕಮ್ಮಿ ಹೋದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ದುಡ್ಡು ಉಳಿಸೋಕೆ ಬೆಳಿಗ್ಗೆ ಹಾಕಿದ್ದನ್ನ ಸಂಜೆವರೆಗೂ ಇಟ್ಟುಕೊಂಡರೆ ತೊಡೆ ಸವೆದು, ತುರಿಕೆ ಬಂದು, ಆಸ್ಪತ್ರೆಗೆ ಅದಕ್ಕಿಂತ ಜಾಸ್ತಿ ಆಗುತ್ತೆ. ಬಟ್ಟೆ ಬಳಸೋರು ಬಳಸಬಹುದು, ತಪ್ಪೇನಿಲ್ಲ, ಕಾಟನ್ ಆಗಿರಬೇಕು. ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಬೇಕು. ತೊಂದರೆ ಬರೋದೇ ಇಲ್ಲಿ. ಯಾರೂ ನೋಡಬಾರದು ಅಂತ ಲಂಗದ ಅಡಿಗೋ ಬಚ್ಚಲ ಮೂಲೆಗೋ ಹಾಕಿ, ಹಸಿ ಹಸಿಯಾಗೇ ಮತ್ತೆ ಬಳಸ್ತಾರೆ. ನೋಡಿದೋರ ಕಣ್ಣೇನೂ ಹೋಗಲ್ಲ, ಬಿಸಿಲಿಗೆ ಹಾಕಿ. ದಿನಾ ಸ್ನಾನ ಮಾಡಬಹುದು, ತಲೆಗೂ ಹಾಕ್ಕೋಬಹುದು. ಒಳಗಡೆಗೆ ಸೋಪು, ಡೆಟ್ಟಾಲ್ ಹಾಕಬಾರದು, ನೀರು ಸಾಕು.

ನೋವಿನ ವಿಷಯಕ್ಕೆ ಬಂದ್ರೆ, ಮೊದಲ ಒಂದೆರಡು ದಿನ ಕೆಳಹೊಟ್ಟೆ, ಸೊಂಟ ಹಿಂಡೋದು ಇರುತ್ತೆ. ಗರ್ಭಕೋಶ ಒತ್ತಿ ಒತ್ತಿ ಆ ಪದರವನ್ನ ಹೊರಗೆ ಹಾಕುತ್ತಲ್ಲ, ಅದರ ನೋವು. ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಹೊಟ್ಟೆ ಮೇಲೆ ಇಟ್ಟರೆ ಎಷ್ಟೋ ಇಳಿಯುತ್ತೆ. ಮೆಡಿಕಲ್‌ನಲ್ಲಿ "ಹೊಟ್ಟೆನೋವಿಗೆ" ಅಂದ ತಕ್ಷಣ ಕೈಗೆ ಬರೋದು ಮೆಫೆನಮಿಕ್ ಆಸಿಡ್ ಇರೋ ಮಾತ್ರೆ. ಕೆಲಸ ಮಾಡುತ್ತೆ ನಿಜ. ಆದರೆ ಅದರಿಂದ ಅಪರೂಪಕ್ಕೆ ಜ್ವರ, ಮೈಮೇಲೆ ಗುಳ್ಳೆ ಬರೋ ತೀವ್ರ ಅಲರ್ಜಿ ಆಗಬಹುದು ಅಂತ 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಎಚ್ಚರಿಕೆ ಕೊಟ್ಟಿದೆ. ಮೊದಲ ಸಲ ಡಾಕ್ಟರನ್ನ ಕೇಳಿ, ಊಟ ಆದ ಮೇಲೆ ಕೊಡಿ. ಹಬ್ಬ, ಜಾತ್ರೆ, ಗೃಹಪ್ರವೇಶ ಬಂತು ಅಂತ ಮುಟ್ಟು ಮುಂದಕ್ಕೆ ಹಾಕೋ ಮಾತ್ರೆಯನ್ನ ಚೀಟಿ ಇಲ್ಲದೆ ತರೋದಂತೂ ಬೇಡವೇ ಬೇಡ. ಅದು ಹಾರ್ಮೋನಿನ ಮಾತ್ರೆ. ಮೆಡಿಕಲ್ ಇಟ್ಟಿರೋ ಅಣ್ಣಂದಿರು ಮಕ್ಕಳ ವಯಸ್ಸು ನೋಡಿಯಾದರೂ ಕೊಡಲ್ಲ ಅನ್ನಬೇಕು.

ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ನೆನೀತಿದ್ರೆ, ಏಳು ದಿನ ಮೀರಿ ಹೋಗ್ತಿದ್ರೆ, ಶುರುವಾದ ಮೇಲೆ ಮೂರು ತಿಂಗಳು ಬರದೇ ಇದ್ರೆ, ಕೆಟ್ಟ ವಾಸನೆ ಜೊತೆ ಜ್ವರ ಇದ್ರೆ, ನೋವಿಗೆ ಪ್ರತಿ ತಿಂಗಳೂ ಶಾಲೆ ತಪ್ಪಿಸೋ ಹಾಗಾದ್ರೆ ಡಾಕ್ಟರಿಗೆ ತೋರಿಸಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹಾ ಕ್ಲಿನಿಕ್ ಇರುತ್ತೆ, ದುಡ್ಡು ಕೊಡಬೇಕಿಲ್ಲ. ಊರಿನ ಆಶಾ ಅಕ್ಕನನ್ನ ಕೇಳಿದರೂ ದಾರಿ ಹೇಳ್ತಾರೆ.

ಇನ್ನು ಶಾಸ್ತ್ರ. ನಮ್ಮ ಕಡೆ ಸೋದರಮಾವ ಹಸಿ ಸೋಗೆ ತಂದು ಗುಡ್ಲು ಹಾಕೋದು, ಆರತಿ ಮಾಡೋದು, ಚಿಗಳಿ, ತಂಬಿಟ್ಟು, ಕೊಬ್ಬರಿ ಬೆಲ್ಲ ತಿನ್ನಿಸೋದು ಎಲ್ಲಾ ಇದೆ. ತಿನ್ನಿಸೋದು ಒಳ್ಳೇದೇ. ಎಳ್ಳು ಬೆಲ್ಲದ ಜೊತೆ ನುಗ್ಗೆಸೊಪ್ಪು, ಹುರುಳಿಕಾಳು, ಮೊಟ್ಟೆ, ಬಾಡು ತಿನ್ನೋರಾದ್ರೆ ಈಲಿ ಕೊಡಿ, ಮೇಲೊಂದು ನಿಂಬೆಹಣ್ಣು ಹಿಂಡಿ, ಊಟ ಆದ ತಕ್ಷಣ ಕಾಫಿ ಟೀ ಬೇಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಶಾಲೇಲಿ ವಾರಕ್ಕೊಂದು ಕೊಡೋ ಕಬ್ಬಿಣಾಂಶದ ಮಾತ್ರೆಯನ್ನ ಕಿಟಕಿಯಿಂದ ಎಸೀಬೇಡಿ ಅಂತ ಮಕ್ಕಳಿಗೆ ಹೇಳಬೇಕಿರೋದು ಇದಕ್ಕೇ.

ಆದರೆ ಹನ್ನೊಂದು ದಿನ, ಹದಿನಾರು ದಿನ ಶಾಲೆ ಬಿಡಿಸಿ ಕೂರಿಸ್ತಾರಲ್ಲ, ಅದಕ್ಕೆ ಯಾವ ಲೆಕ್ಕ? ಹೋದ ಪಾಠ ಮಾವ ಬಂದು ಹೇಳಿಕೊಡಲ್ಲ. ಆರತಿಯನ್ನ ಶನಿವಾರ ಸಂಜೆ ಇಟ್ಟುಕೊಂಡು ಸೋಮವಾರ ಮಗೂನ ಶಾಲೆಗೆ ಕಳಿಸಬಹುದು. ಫ್ಲೆಕ್ಸ್ ಹಾಕಿಸೋದು ಬೇಕಾ ಅಂತ ಆ ಹುಡುಗಿಯನ್ನೇ ಒಂದು ಮಾತು ಕೇಳಿ. ಬಸ್ ಸ್ಟ್ಯಾಂಡಿನಲ್ಲಿ ತನ್ನ ಫೋಟೋ ನೋಡಿ ಕ್ಲಾಸಿನ ಹುಡುಗರು ಏನಂತಾರೆ ಅಂತ ಗೊತ್ತಿರೋದು ಅವಳಿಗೆ.

ಕೆಲವು ಗೊಲ್ಲರಹಟ್ಟಿಗಳಲ್ಲಿ ಹೊರಗೆ ಕೂರಿಸೋದು ಅಂದ್ರೆ ನಿಜವಾಗಲೂ ಊರ ಹೊರಗೆ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಸೂತಕದ ಹೆಸರಲ್ಲಿ ಬಾಣಂತಿಯನ್ನ ಗುಡಿಸಲಲ್ಲಿ ಇಟ್ಟು, ಮಳೆ ಚಳಿಗೆ ಹಸುಗೂಸು ತೀರಿಹೋಗಿದ್ದು ಜಿಲ್ಲೆಗೆಲ್ಲಾ ಗೊತ್ತು. ಮುಟ್ಟಾದವರನ್ನ, ಬಸುರಿಯರನ್ನ ಬಲವಂತವಾಗಿ ಬೇರೆ ಇಡೋದು 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಇನ್ನು "ದೊಡ್ಡವಳಾದ್ಲು, ಗಂಡು ನೋಡ್ಬೇಕು" ಅನ್ನೋ ನೆಂಟರಿಗೆ: ರಾಜ್ಯದಲ್ಲಿ 18 ತುಂಬದ ಹುಡುಗಿಗೆ ಮಾಡಿದ ಮದುವೆ ಕಾನೂನಿನ ಪ್ರಕಾರ ಮದುವೆಯೇ ಅಲ್ಲ. ಯಾರಾದರೂ ಮುಂದಾದ್ರೆ 1098ಕ್ಕೆ ಫೋನ್ ಮಾಡಿ.

ಅಂಗಡಿಯವರಿಗೆ ಎರಡು ಮಾತು. ನಮ್ಮ ತಂಗಿ ಮೈನೆರೆದಾಗ ಅಮ್ಮ ಚೀಟಿ ಮಡಚಿ ಕೊಟ್ಟು ನನ್ನನ್ನ ಕಳಿಸಿದ್ರು. ಅಂಗಡಿಯವರು ಚೀಟಿ ಓದಿ, ಆ ಕಡೆ ಈ ಕಡೆ ನೋಡಿ, ಪೇಪರಲ್ಲಿ ಎರಡು ಸುತ್ತು ಸುತ್ತಿ ಕರೀ ಕವರಿಗೆ ಹಾಕಿ ಕೊಟ್ರು. ಕರೀ ಕವರು ನೋಡಿದ್ರೇನೇ ಒಳಗೆ ಏನಿದೆ ಅಂತ ಊರಿಗೆಲ್ಲಾ ಗೊತ್ತಾಗೋದು! ಬಿಸ್ಕತ್ತಿನ ಹಾಗೆ ಕೈಗೆ ಸಿಗೋ ಕಡೆ ಇಟ್ಟರೆ ಮಕ್ಕಳು ಕೇಳದೇ ತಗೊಂಡು ದುಡ್ಡು ಕೊಟ್ಟು ಹೋಗ್ತಾರೆ. ನಾಲ್ಕು ಜನರ ಮುಂದೆ "ಏನಮ್ಮಾ, ಯಾವ ಸೈಜು" ಅಂತ ಕೂಗಿದ್ರೆ ಆ ಹುಡುಗಿ ಇನ್ನೊಂದು ಸಲ ನಿಮ್ಮ ಅಂಗಡಿಗೆ ಬರಲ್ಲ. ಮಾಲನ್ನ ಇಲಿ, ತೇವ ಇಲ್ಲದ ಕಡೆ ಇಡಿ. 2018ರ ಜುಲೈನಿಂದ ಪ್ಯಾಡ್ ಮೇಲೆ ಜಿಎಸ್‌ಟಿ ಇಲ್ಲ ಅನ್ನೋದೂ ನೆನಪಿರಲಿ.

ಕೊಳ್ಳೋಕೆ ಕಷ್ಟ ಇರೋರಿಗೆ ಜನೌಷಧಿ ಕೇಂದ್ರದಲ್ಲಿ "ಸುವಿಧಾ" ಪ್ಯಾಡ್ ಒಂದಕ್ಕೆ ಒಂದು ರೂಪಾಯಿ. ಸರ್ಕಾರಿ ಶಾಲೆ, ಹಾಸ್ಟೆಲ್ ಹುಡುಗಿಯರಿಗೆ ಶುಚಿ ಯೋಜನೆಯಲ್ಲಿ ಪ್ಯಾಡ್ ಪುಕ್ಕಟೆ. ಕೊರೋನಾ ಹೊತ್ತಿಂದ ನಿಂತುಹೋಗಿದ್ದ ಇದು 2024ರಲ್ಲಿ ಮತ್ತೆ ಶುರುವಾಯಿತು. ನಿಮ್ಮ ಶಾಲೆಗೆ ಬಂದಿಲ್ಲ ಅಂದ್ರೆ ಎಸ್‌ಡಿಎಂಸಿ ಮೀಟಿಂಗಿನಲ್ಲಿ ಕೇಳಿ. ಅಪ್ಪಂದಿರು ಕೇಳಿದ್ರೆ ಇನ್ನೂ ಬೇಗ ಬರುತ್ತೆ. ಹಾಗೇ ಹುಡುಗಿಯರ ಶೌಚಾಲಯಕ್ಕೆ ನೀರು, ಒಳಗಿನಿಂದ ಚಿಲಕ ಇದೆಯಾ ಅಂತಲೂ ನೋಡಿ. ಚಿಲಕ ಇಲ್ಲದ ಕಡೆ ಪ್ಯಾಡ್ ಕೊಟ್ಟು ಏನು ಪ್ರಯೋಜನ?

ಬಳಸಿದ್ದನ್ನ ಪೇಪರಲ್ಲಿ ಸುತ್ತಿ ಬೇರೆಯಾಗಿ ಕಟ್ಟಿ ಪಂಚಾಯ್ತಿ, ನಗರಸಭೆ ಕಸದ ಗಾಡಿಗೆ ಕೊಡಬೇಕು. ಕಮೋಡಿಗೆ ಹಾಕಿದ್ರೆ ಪೈಪ್ ಕಟ್ಟುತ್ತೆ. ಬಚ್ಚಲ ಒಲೆಗೆ ಹಾಕೋರೂ ಇದ್ದಾರೆ, ಅದರಲ್ಲಿ ಪ್ಲಾಸ್ಟಿಕ್ ಇರೋದರಿಂದ ಆ ಹೊಗೆ ಮನೆಯವರಿಗೇ. ಹಾವು ದಾಟಿದ್ರೆ ಮಕ್ಕಳಾಗಲ್ಲ ಅಂತ ಹೆದರಿಸ್ತಾರಲ್ಲ, ಹಾವಿಗೂ ಅದಕ್ಕೂ ಸಂಬಂಧ ಇಲ್ಲ. ನಾಯಿ ಎಳೆದಾಡೋದು ಮಾತ್ರ ನಿಜ.

ಐದನೇ ಕ್ಲಾಸು ದಾಟಿದ ಹುಡುಗಿಯ ಸ್ಕೂಲ್ ಬ್ಯಾಗಿನ ಒಳಜೇಬಿನಲ್ಲಿ ಈಗಲೇ ಎರಡು ಪ್ಯಾಡ್, ಒಂದು ಒಳಚಡ್ಡಿ, ಎರಡು ಹಾಳೆ ಹಳೇ ಪೇಪರ್ ಇಟ್ಟಿರಿ. ಅದು ಯಾಕೆ ಅಂತ ಅವಳಿಗೂ ಹೇಳಿರಿ. ಹೆಚ್ಚಿನ ಮಾಹಿತಿ ಬೇಕಿದ್ದರೆ ಆರೋಗ್ಯ ಸಹಾಯವಾಣಿ 104.