ಹಳೆಯ ಗಿಟಾರ್ ಆಂಪ್‌ನಲ್ಲಿ ಮೊಬೈಲಿನ ಹಾಡು

ಪ್ರಶ್ನೆ: ನನ್ನ ಹಳೆಯ ಟ್ರಾನ್ಸಿಸ್ಟರ್ ಗಿಟಾರ್ ಆಂಪ್‌ನಲ್ಲಿ ಮೊಬೈಲಿನ ಹಾಡು ಕೇಳಬಹುದೇ?

ಉತ್ತರ: ಖಂಡಿತ ಕೇಳಬಹುದು. ಆದರೆ ಗಿಟಾರಿನ ಜ್ಯಾಕ್‌ಗೇ ಸಿಕ್ಕಿಸಬೇಡಿ. ಗಿಟಾರ್ ಪಿಕಪ್‌ನ ದುರ್ಬಲ ಸಂಕೇತವನ್ನು ಹಿಗ್ಗಿಸಲೆಂದೇ ಪ್ರೀಆಂಪ್ ಇರುವುದು. ಮೊಬೈಲಿನ ಸಂಕೇತ ಅದಕ್ಕಿಂತ ಪ್ರಬಲ. ಅಲ್ಲಿ ಹೊಕ್ಕರೆ ಸ್ವರ ಒಡೆಯುತ್ತದೆ.

ಮೊಬೈಲಿನ ಸಂಕೇತ ಸೇರಬೇಕಾದ ಜಾಗ ಪ್ರೀಆಂಪ್ ಮುಗಿದು ಪವರ್ ಆಂಪ್ ಶುರುವಾಗುವ ಕಡೆ. ಹಿಂಬದಿಯಲ್ಲಿ ‘ಪವರ್ ಆಂಪ್ ಇನ್’ ಅಥವಾ ‘ಎಫೆಕ್ಟ್ಸ್ ರಿಟರ್ನ್’ ಇದ್ದರೆ ನಿಮ್ಮ ಅದೃಷ್ಟ, ಪೆಟ್ಟಿಗೆ ಬಿಚ್ಚುವ ಅಗತ್ಯವೇ ಇಲ್ಲ. ಇಲ್ಲದಿದ್ದರೆ ಪ್ರೀಆಂಪ್ ಮತ್ತು ಪವರ್ ಆಂಪ್ ನಡುವೆ ಸ್ವಿಚ್ ಇರುವ ಜ್ಯಾಕೊಂದನ್ನು ಕೂರಿಸಬೇಕು: ಪ್ಲಗ್ ಹಾಕಿದರೆ ಪ್ರೀಆಂಪ್ ಕಳಚಿಕೊಳ್ಳುತ್ತದೆ, ತೆಗೆದರೆ ಮತ್ತೆ ಕೂಡುತ್ತದೆ. ಸ್ಟೀರಿಯೋದ ಎಡ–ಬಲ ತಂತಿಗಳನ್ನು ನೇರವಾಗಿ ಬೆಸೆಯಬೇಡಿ, ಒಂದೊಂದಕ್ಕೂ 4.7 ಕಿಲೋಓಮ್ ರೆಸಿಸ್ಟರ್ ಹಾಕಿ ಕೂಡಿಸಿ. ಡಿ.ಸಿ. ತಡೆಯಲು ಮುಂದೆ ಒಂದು ಕೆಪಾಸಿಟರ್ ಇರಲಿ. ಜ್ಯಾಕ್ ವಾಲ್ಯೂಮ್ ಗುಂಡಿಯ ನಂತರ ಬಂದರೆ ಸದ್ದನ್ನು ಮೊಬೈಲಿನಲ್ಲೇ ತಗ್ಗಿಸಬೇಕು, ಕನಿಷ್ಠದಿಂದ ಶುರುಮಾಡಿ.

ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್‌ನಾಚೆ ಮಂಕಾಗುತ್ತದೆ, ಹಾಗಾಗಿ ಹಾಡಿನ ತಾಳದ ಕಿಣಿಕಿಣಿ ಅಷ್ಟಾಗಿ ಕೇಳದು. ಆದರೂ ಹಾಡು ಕೇಳಲು ಇಷ್ಟು ಧಾರಾಳ ಸಾಕು.

ಪೆಟ್ಟಿಗೆ ಬಿಚ್ಚುವುದಾದರೆ ಎಚ್ಚರ: ಕರೆಂಟಿನ ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಬೆಸುಗೆಯ ಕೆಲಸ ರೂಢಿಯಿಲ್ಲದಿದ್ದರೆ ದಯವಿಟ್ಟು ಬಲ್ಲ ಮೆಕ್ಯಾನಿಕ್ ಕೈಗೆ ಕೊಡಿ.