ಜನರೇಟರಿಗಿಂತ ಮೊದಲು ಒಂದು ಸ್ವಿಚ್ಚು

ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾಯಿತೆಂದರೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ದರ ಕೇಳುವುದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದಿದೆ: "ಮನೆಗೆಲ್ಲಾ ಆಗುವಂಥ ಜನರೇಟರು ತರಬೇಕು ಸಾರ್, ಎಷ್ಟು ಕೆ.ವಿ.ಎ.ದು ತರಲಿ?" ಇದಕ್ಕೆ ಕೌಂಟರಿನ ಆಚೆ ಈಚೆ ನಿಂತು ಉತ್ತರ ಹೇಳಿ ಮುಗಿಸಲಾಗುವುದಿಲ್ಲ. ಅಲ್ಲದೆ ಹೇಳಲೇಬೇಕಾದ ಮುಖ್ಯ ಮಾತು ಆ ಪ್ರಶ್ನೆಯೊಳಗೆ ಇರುವುದೇ ಇಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಕೊಂಚ ವಿವರವಾಗಿ ಬರೆಯುತ್ತಿದ್ದೇನೆ. ನಾನು ಇಂಜಿನಿಯರಲ್ಲ; ಕೈ ಸುಟ್ಟುಕೊಳ್ಳುವುದು ಸ್ವಲ್ಪದರಲ್ಲೇ ತಪ್ಪಿದ ಬೆಳೆಗಾರ.

ನೆಲಮಂಗಲದವರಾದ ನಮಗೆ ಇದರಲ್ಲಿ ಒಂದು ವಿಪರ್ಯಾಸವೂ ಉಂಟು. 400 ಕಿಲೋವೋಲ್ಟಿನ ದೊಡ್ಡ ವಿದ್ಯುತ್ ಸ್ವೀಕರಣಾ ಕೇಂದ್ರ ನಮ್ಮಲ್ಲೇ ಇದೆ. ನಮ್ಮ ಹೊಲ ತೋಟಗಳ ಮೇಲೆ ಎತ್ತರದ ಗೋಪುರಗಳ ತಂತಿ ಹಾದುಹೋಗುತ್ತದೆ. ಆದರೂ ಒಂದು ಒಣಗಿದ ತೆಂಗಿನ ಗರಿ ಕಳಚಿ 11 ಕೆ.ವಿ. ತಂತಿಯ ಮೇಲೆ ಬಿದ್ದರೆ ಸಾಕು, ಶಿವಗಂಗೆ ಬೆಟ್ಟದ ಬುಡದ ನಾಲ್ಕು ಹಳ್ಳಿ ಕತ್ತಲಾಗುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತಿದ್ದಾಗ ನಮ್ಮಲ್ಲಿ ದೀಪ ಉರಿಯುತ್ತಿತ್ತು. ದಕ್ಷಿಣದ ಜಾಲ ಆಗಿನ್ನೂ ಉಳಿದ ದೇಶದ ಜಾಲದೊಂದಿಗೆ ಪೂರ್ತಿ ಬೆಸೆದುಕೊಂಡಿರಲಿಲ್ಲ. ಅದು ಆದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ. ದೊಡ್ಡ ಜಾಲ ಕುಸಿಯುವುದು ಅಪರೂಪ. ನಮ್ಮ ಕತ್ತಲೆಯೆಲ್ಲ ಊರಿನ ಕೊನೆಯ ಒಂದೆರಡು ಮೈಲಿ ತಂತಿಯದು. ಆ ತಂತಿಯನ್ನು ಸರಿಪಡಿಸಲು ಮಳೆಯಲ್ಲಿ ಕಂಬ ಹತ್ತುವ ಒಬ್ಬ ಮನುಷ್ಯ ಇರುತ್ತಾನೆ. ಕೆ.ಇ.ಬಿ. ಹೋಗಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಬಂತು, 2002ರಲ್ಲಿ ಬೆಸ್ಕಾಂ ಆಯಿತು; ನಮ್ಮ ಬಾಯಲ್ಲಿ ಮಾತ್ರ ಆತ ಇನ್ನೂ ಕೆ.ಇ.ಬಿ. ಲೈನ್‌ಮ್ಯಾನನೇ. ಈ ಲೇಖನ ಅರ್ಧದಷ್ಟು ಅವನ ವಿಷಯವೇ.

2015ರ ಮೇ ತಿಂಗಳು. ಘಟ್ಟದ ಕಡೆಯ ಒಬ್ಬ ಕಾಫಿ ಬೆಳೆಗಾರರು ಮಾರಿದ 3 ಕೆ.ವಿ.ಎ. ಹಳೆಯ ಜನರೇಟರೊಂದನ್ನು ನಾನು ಕೊಂಡು ತಂದಿದ್ದೆ. ಅದನ್ನು ಮನೆಯ ವೈರಿಂಗಿಗೆ ಸೇರಿಸುವುದು ಹೇಗೆ? ವೈರಿಂಗ್ ಕೆಲಸದ ಹುಡುಗನೊಬ್ಬ ಹತ್ತು ನಿಮಿಷದಲ್ಲಿ ಉಪಾಯ ಮಾಡಿಕೊಟ್ಟ. ಎರಡೂ ತುದಿಗೆ ಪಿನ್ ಇರುವ ಒಂದು ವೈರು. ಒಂದು ತುದಿ ಜನರೇಟರಿಗೆ, ಇನ್ನೊಂದು ಅಡಿಗೆಮನೆಯ 15 ಆಂಪಿಯರ್ ಸಾಕೆಟ್ಟಿಗೆ. ಮನೆಯೆಲ್ಲ ಬೆಳಗಿತು. "ಮೇನ್ ಸ್ವಿಚ್ ಆಫ್ ಮಾಡೋದು ಮಾತ್ರ ಮರೀಬೇಡಿ ಸಾರ್" ಎಂದು ಹೇಳಿ ದುಡ್ಡು ತೆಗೆದುಕೊಂಡು ಹೋದ. ಏಳೆಂಟು ಸಲ ನಾನು ಮರೆಯಲಿಲ್ಲ.

ಆ ದಿನ ಸಂಜೆ ಆಲಿಕಲ್ಲು ಮಳೆ. ನಮ್ಮ ಕಂಬಕ್ಕೂ ಟ್ರಾನ್ಸ್‌ಫಾರ್ಮರಿಗೂ ನಡುವೆ ತಂತಿ ತುಂಡಾಗಿ ಬಿದ್ದಿತ್ತು. ನಾನು ಕಚೇರಿಯಿಂದ ನೆನೆದುಕೊಂಡು ಮನೆಗೆ ಬರುವಷ್ಟರಲ್ಲಿ ಮಗ ಜನರೇಟರು ಚಾಲೂ ಮಾಡಿದ್ದ. ಮೇನ್ ಸ್ವಿಚ್ಚನ್ನು ಅವನು ತೆಗೆದಿರುತ್ತಾನೆಂದು ನಾನು, ಯಾವಾಗಲೂ ತೆಗೆಯುವ ಅಪ್ಪ ಬಂದು ತೆಗೆಯುತ್ತಾರೆಂದು ಅವನು. ಸ್ವಲ್ಪ ಹೊತ್ತಿಗೆ ಪಕ್ಕದ ತೋಟದ ಮನೆಯ ಹೆಣ್ಣುಮಗಳು ಫೋನ್ ಮಾಡಿದಳು. "ಅಣ್ಣಾ, ನಿಮ್ಮನೇಲಿ ಕರೆಂಟ್ ಬಂದೈತಾ? ನಮ್ಮನೇಲಿ ಬಲ್ಬು ಮಿಣುಕು ಮಿಣುಕು ಅಂತೈತೆ." ವೋಲ್ಟೇಜ್ ಕಡಿಮೆ ಬಂದಿರಬೇಕಮ್ಮ ಎಂದು ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೂ ನನಗೆ ಹೊಳೆಯಲಿಲ್ಲ. ಬಿ.ಎಸ್‌ಸಿ.ಯಲ್ಲಿ ಟ್ರಾನ್ಸ್‌ಫಾರ್ಮರಿನ ಪಾಠ ಓದಿ ಪರೀಕ್ಷೆ ಬರೆದವನು ನಾನು.

ಕಾಲು ಗಂಟೆಯ ಬಳಿಕ ಲೈನ್‌ಮ್ಯಾನ್ ಗೇಟಿನಲ್ಲಿ ನಿಂತು ಕೂಗಿದ. ಮೈಯೆಲ್ಲ ನೀರು, ಕೈಯಲ್ಲಿ ಟೆಸ್ಟರು. "ಸಾರ್, ನಿಮ್ಮನೇಲಿ ಜನರೇಟ್ರು ಓಡ್ತಾ ಐತಾ?" ಅವನು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಬಂದಿದ್ದ. ಲೆಕ್ಕಪ್ರಕಾರ ತಂತಿ ಸತ್ತಿರಬೇಕು. ಆದರೂ ಮುಟ್ಟುವ ಮೊದಲು ಅಭ್ಯಾಸಬಲದಿಂದ ಟೆಸ್ಟರು ಇಟ್ಟು ನೋಡಿದ, ಉರಿಯಿತು. ಕೆಳಗೆ ಬಿದ್ದಿದ್ದ ತಂತಿಯ ಪಕ್ಕದಲ್ಲೇ ನಮ್ಮ ಆಳಿನ ಮಕ್ಕಳು ಆಲಿಕಲ್ಲು ಆರಿಸುತ್ತಿದ್ದರಂತೆ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇನ್ ಸ್ವಿಚ್ ತಾನೇ ಎಳೆದು, ಒಂದು ಲೋಟ ಕಾಫಿ ಕುಡಿದು, ಮತ್ತೆ ಕಂಬಕ್ಕೆ ಹೋದ.

ಆದದ್ದು ಏನೆಂದರೆ, ಮೇನ್ ಸ್ವಿಚ್ ಹಾಕಿಯೇ ಇದ್ದುದರಿಂದ ಜನರೇಟರಿನ ವಿದ್ಯುತ್ತು ಮೀಟರನ್ನು ದಾಟಿ ಹಿಮ್ಮುಖವಾಗಿ ಲೈನಿಗೆ ಹರಿದಿತ್ತು. ಫ್ಯೂಸ್ ಕಿತ್ತಿದ್ದರಿಂದ ಅದು ಅಲ್ಲಿಗೇ ನಿಂತಿತು. ಕಿತ್ತಿರದಿದ್ದರೆ? ಟ್ರಾನ್ಸ್‌ಫಾರ್ಮರಿಗೆ ಮುಖ ಬೆನ್ನು ಎಂಬ ಭೇದವಿಲ್ಲ. ಆ ಕಡೆಯಿಂದ 11,000 ವೋಲ್ಟು ಕೊಟ್ಟರೆ ಈ ಕಡೆ ಮನೆಗೆ ಬೇಕಾದ 230 ವೋಲ್ಟಾಗಿ ಇಳಿಸುತ್ತದೆ; ಈ ಕಡೆಯಿಂದ 230 ಕೊಟ್ಟರೆ ಆ ಕಡೆ ಹತ್ತು ಸಾವಿರ ವೋಲ್ಟಿನ ಆಸುಪಾಸಿಗೆ ಏರಿಸುತ್ತದೆ. ಅಂದರೆ ನನ್ನ ಅಡಿಗೆಮನೆಯ ಸಾಕೆಟ್ಟಿನಿಂದ ಹೊರಟದ್ದು, ಎರಡು ಫರ್ಲಾಂಗು ಆಚೆ ಲೈನು ಬಂದ್ ಆಗಿದೆಯೆಂದು ನಂಬಿ ಕಂಬ ಹತ್ತಿದವನ ಕೈಗೆ ಹತ್ತು ಸಾವಿರವಾಗಿ ಸಿಗಬಹುದು. ಇನ್ನೊಂದು ಅಪಾಯ ನಮಗೇ. ಜನರೇಟರು ಓಡುತ್ತಿರುವಾಗಲೇ ಲೈನಿನ ಕರೆಂಟು ಬಂದುಬಿಟ್ಟರೆ ಎರಡೂ ಢಿಕ್ಕಿ ಹೊಡೆದು ಜನರೇಟರಿನ ಸುರುಳಿ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಆ ಎರಡು ಪಿನ್ನಿನ ವೈರಿನ ದೋಷ ಅಷ್ಟಕ್ಕೇ ಮುಗಿಯದು: ಒಂದು ತುದಿ ಸಾಕೆಟ್ಟಿನಿಂದ ಕಳಚಿದರೆ ಬರಿಯ ಪಿನ್ನಿನಲ್ಲಿ ಕರೆಂಟು ಇರುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ.

ಇದಕ್ಕೆಲ್ಲ ಪರಿಹಾರ ಚೇಂಜ್ ಓವರ್ ಸ್ವಿಚ್ಚು. ಒಂದೇ ಹಿಡಿ, ಮೂರು ಸ್ಥಾನ: ಒಂದು ಕಡೆ ಲೈನು, ನಡುವೆ ಆಫ್, ಇನ್ನೊಂದು ಕಡೆ ಜನರೇಟರು. ಎರಡೂ ಒಟ್ಟಿಗೆ ಸೇರಲು ಕಬ್ಬಿಣವೇ ಬಿಡುವುದಿಲ್ಲ. ಯಾರ ನೆನಪನ್ನೂ ನೆಚ್ಚಬೇಕಾಗಿಲ್ಲ. ಮೀಟರು, ಮೇನ್ ಸ್ವಿಚ್ ಆದ ಮೇಲೆ ಇದನ್ನು ಕೂರಿಸಬೇಕು. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು, ಮೂರು ಫೇಸಿಗೆ ನಾಲ್ಕು ಪೋಲಿನದು. ಫೇಸಿನ ಜೊತೆಗೆ ನ್ಯೂಟ್ರಲ್ಲೂ ಕಡಿಯಬೇಕು ಎಂಬುದೇ ಇದರ ತಾತ್ಪರ್ಯ. ನಮ್ಮ ಅನೇಕ ಮನೆಗಳಲ್ಲಿ ಯಾವ ಫೇಸಿನಲ್ಲಿ ಕರೆಂಟಿದೆಯೋ ಅದಕ್ಕೆ ತಿರುಗಿಸಿಕೊಳ್ಳುವ ಫೇಸ್ ಸೆಲೆಕ್ಟರ್ ಇದೆ. ಅದರ ಖಾಲಿ ಸ್ಥಾನಕ್ಕೆ ಜನರೇಟರು ಸೇರಿಸಿಕೊಂಡವರನ್ನು ಕಂಡಿದ್ದೇನೆ. ಅದು ನ್ಯೂಟ್ರಲ್ ಕಡಿಯುವುದಿಲ್ಲ. ಆ ಕೆಲಸಕ್ಕೆ ಅದು ಸಲ್ಲದು. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಕೈಯಲ್ಲೇ ಮಾಡಿಸಿ, ಮಾಡಿಸಿದ್ದನ್ನು ಸೆಕ್ಷನ್ ಆಫೀಸಿಗೂ ತಿಳಿಸಿ. ಜನರೇಟರಿಗೆ ಪ್ರತ್ಯೇಕ ಅರ್ತಿಂಗ್ ಹಾಕಿಸಿ, ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹೊಯ್ಯಿರಿ.

ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿದ ಸದಸ್ಯರ ಗೊಣಗಾಟಕ್ಕೂ ಇಲ್ಲೇ ಉತ್ತರವಿದೆ. 2024ರಲ್ಲಿ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಬಂದ ಮೇಲೆ ಇಂಥವರು ಹೆಚ್ಚಾಗಿದ್ದಾರೆ. "ಮಟಮಟ ಮಧ್ಯಾಹ್ನ, ಬಿಸಿಲು ಸುರೀತಿದೆ, ಆದರೂ ಕರೆಂಟು ಹೋದರೆ ಇದೂ ನಿಂತುಹೋಗುತ್ತದಲ್ಲ, ಇದೆಂಥ ಸೋಲಾರು?" ಎನ್ನುತ್ತಾರೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ವ್ಯವಸ್ಥೆ ಲೈನು ಸತ್ತೊಡನೆ ತಾನಾಗಿಯೇ ನಿಲ್ಲುವಂತೆ ಮಾಡಿರುವುದು ಕಂಬದ ಮೇಲಿನ ಮನುಷ್ಯನಿಗಾಗಿ. ಯಂತ್ರಕ್ಕೆ ಇರುವ ಈ ತಿಳುವಳಿಕೆ 2015ರಲ್ಲಿ ನನಗಿರಲಿಲ್ಲ.

ಇನ್ನು ಎಷ್ಟು ಕೆ.ವಿ.ಎ. ಎಂಬ ಪ್ರಶ್ನೆ. ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 9 ವ್ಯಾಟಿನ 12 ಎಲ್‌ಇಡಿ ಬಲ್ಬು, 108 ವ್ಯಾಟು. ಹಳೆಯ ನಮೂನೆಯ 4 ಫ್ಯಾನು, ಒಂದಕ್ಕೆ 75ರಂತೆ 300. ಫ್ರಿಜ್ಜು ಓಡುವಾಗ 150, ಟಿ.ವಿ. 80. ಎಲ್ಲಾ ಕೂಡಿ 638. ಇಷ್ಟೇನಾ ಎನ್ನಿಸುತ್ತದೆ. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಒಂದು ಎಚ್.ಪಿ. ಮೋಟಾರು ಸೇರಿಸಿದರೆ ಇನ್ನು 1,100, ಒಟ್ಟು 1,738. ಜನರೇಟರಿನ ಕೆ.ವಿ.ಎ.ಯನ್ನು 0.8ರಿಂದ ಗುಣಿಸಿದರೆ ಕಿಲೋವ್ಯಾಟು. ಆ ಲೆಕ್ಕದಲ್ಲಿ 3 ಕೆ.ವಿ.ಎ. ಎಂದರೆ 2,400 ವ್ಯಾಟು, ಸಾಕಲ್ಲ? ಸಾಲದು. ಮೋಟಾರು ಹೊರಡುವ ಆ ಎರಡು ಕ್ಷಣ ಓಡುವಾಗಿನ ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ. ನನ್ನ ಹಳೆಯ 3 ಕೆ.ವಿ.ಎ. ಯಂತ್ರ ನೀರಿನ ಮೋಟಾರು ಹಾಕಿದೊಡನೆ ಗೊರಕೆ ಹೊಡೆದು ನಿಂತುಬಿಡುತ್ತಿತ್ತು. 5 ಕೆ.ವಿ.ಎ. ಇದ್ದರೆ, ಮೊದಲು ಮೋಟಾರು ಹೊರಡಿಸಿ ಆಮೇಲೆ ಉಳಿದದ್ದನ್ನು ಒಂದೊಂದಾಗಿ ಹಾಕಿಕೊಂಡರೆ, ಸಾಮಾನ್ಯ ತೋಟದ ಮನೆ ನಡೆಯುತ್ತದೆ. ಮಿಕ್ಸಿ ಬೇಕಾದರೆ ನೀರು ತುಂಬಿದ ಮೇಲೆ ತಿರುಗಿಸಿ. 2,000–3,000 ವ್ಯಾಟಿನ ಗೀಸರು, 2,000ದ ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಇವನ್ನು ಜನರೇಟರಿನ ಲೆಕ್ಕದಿಂದಲೇ ಬಿಟ್ಟುಬಿಡಿ. ಅಡಿಕೆ ಸಿಪ್ಪೆ, ತೆಂಗಿನ ಮೊಟ್ಟೆ ರಾಶಿ ಬಿದ್ದಿರುವ ನಮ್ಮ ಮನೆಗಳಲ್ಲಿ ಸ್ನಾನದ ಹಂಡೆಗೆ ಡೀಸೆಲ್ ಸುಡುವುದು ಯಾವ ನ್ಯಾಯ?

ಮನೆ ಮೂರು ಫೇಸಿನದಾಗಿದ್ದು ಜನರೇಟರು ಸಿಂಗಲ್ ಫೇಸಿನದಾದರೆ ಮೂರು ಫೇಸುಗಳನ್ನೂ ಒಂದಕ್ಕೇ ಕಟ್ಟುವುದುಂಟು. ಆಗ ಮೂರೂ ಫೇಸಿನ ಭಾರ ಒಂದೇ ನ್ಯೂಟ್ರಲ್ ತಂತಿಯ ಮೇಲೆ ಕೂಡಿಬೀಳುತ್ತದೆ, ತಂತಿ ಸಣ್ಣದಿದ್ದರೆ ಕಾಯುತ್ತದೆ. ಮೂರು ಫೇಸಿನ ಮೋಟಾರನ್ನಂತೂ ಆಗ ಮುಟ್ಟಲೇಬಾರದು.

ಕೊಳವೆಬಾವಿಯದು ಬೇರೆಯೇ ಕತೆ. 5 ಎಚ್.ಪಿ. ಸಬ್‌ಮರ್ಸಿಬಲ್ ಎತ್ತಲು 15 ಕೆ.ವಿ.ಎ. ಬೇಕು. ನಮ್ಮ ಕಡೆಯ ಆಳಕ್ಕೆ 5 ಎಚ್.ಪಿ. ಸಾಲದು ಎಂಬುದು ನಿಮಗೇ ಗೊತ್ತು. 2023ರ ಬರದಲ್ಲಿ ಪಂಪ್‌ಸೆಟ್ಟಿನ ಮೂರು ಫೇಸು ದಿನಕ್ಕೆ ಐದು ಗಂಟೆಗೆ ಇಳಿದಾಗ ಕೆಲವರು ದೊಡ್ಡ ಜನರೇಟರಿನ ಲೆಕ್ಕ ಹಾಕಿದರು. ಅಡಿಕೆ ತೋಟಕ್ಕೆ ಡೀಸೆಲ್ಲಿನಲ್ಲಿ ನೀರು ಕಟ್ಟಿ ಗಿಟ್ಟಿಸಿಕೊಳ್ಳುವುದು ಕಷ್ಟವೆಂದೇ ನನ್ನ ಅಭಿಪ್ರಾಯ. ಕಾಫಿಯವರು ಹೂಮಳೆ ಕೈಕೊಟ್ಟಾಗ ನಾಲ್ಕು ದಿನ ಸ್ಪ್ರಿಂಕ್ಲರ್ ಓಡಿಸುವುದು ಬೇರೆ. ಆ ನಾಲ್ಕು ದಿನದಲ್ಲಿ ವರ್ಷದ ಬೆಳೆ ನಿಂತಿರುತ್ತದೆ, ಅದಕ್ಕೆ ನೇರ ಡೀಸೆಲ್ ಪಂಪೇ ಲೇಸು. ಹಸಿ ಅಡಿಕೆ ಸುಲಿಯುವ ಯಂತ್ರ, ಕಾಫಿ ಪಲ್ಪರು ಇವುಗಳಿಗೆ ಜನರೇಟರು ನಿಜಕ್ಕೂ ಬೇಕು. ಅರ್ಧ ಸುಲಿದ ರಾಶಿ ಬೇಯಿಸದೆ ರಾತ್ರಿಯೆಲ್ಲ ಬಿದ್ದಿದ್ದರೆ ಬಣ್ಣ ಕೆಡುತ್ತದೆ, ಕುಯ್ದ ಹಣ್ಣು ಪಲ್ಪ್ ಆಗದೆ ನಿಂತರೆ ಚೀಲದಲ್ಲೇ ಹುಳಿಯುತ್ತದೆ. ಹಾಗಾಗಿ ಜನರೇಟರಿನ ಗಾತ್ರವನ್ನು ಮನೆಗಿಂತ ಹೆಚ್ಚಾಗಿ ಈ ಯಂತ್ರವನ್ನು ನೋಡಿ ನಿರ್ಧರಿಸಿ.

ಖರ್ಚು ನೋಡಿ. 5 ಕೆ.ವಿ.ಎ. ಡೀಸೆಲ್ ಯಂತ್ರ ಆ 638 ವ್ಯಾಟಿನ ಸಣ್ಣ ಭಾರಕ್ಕೂ ಗಂಟೆಗೆ ಮುಕ್ಕಾಲು ಲೀಟರಾದರೂ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ಯೂನಿಟ್ಟಿಗೆ 100 ರೂಪಾಯಿ ಮೀರುತ್ತದೆ. ಅದೇ ಯಂತ್ರಕ್ಕೆ ಮುಕ್ಕಾಲು ಭಾರ ಕೊಟ್ಟರೆ ಯೂನಿಟ್ಟು 35 ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಕಡಿಮೆ ಭಾರದಲ್ಲಿ ಗಂಟೆಗಟ್ಟಲೆ ಓಡಿದ ಡೀಸೆಲ್ ಇಂಜಿನ್ನಿಗೆ ಮಸಿ ಕಟ್ಟುವುದು ಬೇರೆ. ನಾನು ಈಗ ಮಾಡುತ್ತಿರುವುದು ಹೀಗೆ: ರಾತ್ರಿಗೆ ಇನ್ವರ್ಟರು. 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ನಾಲ್ಕು ಬಲ್ಬು, ಮೂರು ಫ್ಯಾನನ್ನು ನಾಲ್ಕು ಗಂಟೆ ತಳ್ಳುತ್ತದೆ. ಬೆಳಿಗ್ಗೆ ಒಂದೂವರೆ ಗಂಟೆ ಜನರೇಟರು. ಅಷ್ಟರಲ್ಲಿ ನೀರು ತುಂಬುವುದು, ರುಬ್ಬುವುದು, ಫ್ರಿಜ್ಜು ತಣಿಯುವುದು ಎಲ್ಲ ಆಗಿ, ಬ್ಯಾಟರಿಗೂ ಒಂದಿಷ್ಟು ಚಾರ್ಜು ಸೇರುತ್ತದೆ. ಮನೆಯೆಲ್ಲ ನಡೆಯುತ್ತದೆ, ಒಂದೇ ಸಮಯಕ್ಕೆ ನಡೆಯುವುದಿಲ್ಲ ಅಷ್ಟೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಕಡಿದುಹೋದಂತಹ ಹೊತ್ತಿನಲ್ಲಿ, ಮನೆಯಲ್ಲಿರುವ ಇಪ್ಪತ್ತು ಲೀಟರ್ ಡೀಸೆಲ್ ಎಷ್ಟು ದಿನ ಬರುತ್ತದೆ ಎಂಬುದೇ ಮುಖ್ಯವಾಗುತ್ತದೆ.

ಇಡುವ ಜಾಗ ಮನೆಯ ಹೊರಗೆ, ಮಾಡಿನ ಕೆಳಗೆ, ಹೊಗೆ ಕಿಟಕಿಯ ಕಡೆ ತಿರುಗದಂತೆ ಇರಲಿ. ಮಳೆಯೆಂದು ಪಡಸಾಲೆಗೋ ಮುಚ್ಚಿದ ಕೊಟ್ಟಿಗೆಗೋ ಎಳೆದುಕೊಂಡರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಬರದೆ ಮಲಗಿದವರನ್ನು ಕೊಲ್ಲುತ್ತದೆ. ಕಾಫಿ ಗೋದಾಮಿನಲ್ಲಿ ಜನರೇಟರನ್ನಾಗಲಿ ಡೀಸೆಲ್ ಡಬ್ಬವನ್ನಾಗಲಿ ಇಡಲೇಬೇಡಿ. ಕಾಫಿ ಬೀಜ ವಾಸನೆ ಹೀರಿಕೊಳ್ಳುವುದರಲ್ಲಿ ಗಟ್ಟಿಗ. ರುಚಿ ನೋಡುವವರಿಗೆ ಒಂದೇ ಗುಟುಕಿನಲ್ಲಿ ಗೊತ್ತಾಗಿಬಿಡುತ್ತದೆ.

ಆ ಲೈನ್‌ಮ್ಯಾನ್ ಈಗಲೂ ನಮ್ಮ ಕಡೆಗೇ ಬರುತ್ತಾನೆ. ಕಂಬ ಹತ್ತುವ ಮೊದಲು ನಮ್ಮ ಜಗಲಿಗೆ ಬಂದು ಚೇಂಜ್ ಓವರಿನ ಹಿಡಿ ಯಾವ ಕಡೆಗಿದೆ ಎಂದು ಕಣ್ಣಾರೆ ನೋಡಿಯೇ ಹೋಗುತ್ತಾನೆ. ತಂತಿ ಬಿದ್ದದ್ದು ಕಂಡರೆ ಜನರೇಟರು ಹಾಕುವ ಮೊದಲು 1912ಕ್ಕೆ ಫೋನ್ ಮಾಡಿ ಎಂದು ಅವನೇ ನನಗೆ ಹೇಳಿದ್ದು.

ಮನೆಯ ಭಾರ ಅಳೆಯಲು ಸಂಘದ ಕಚೇರಿಗೆ ಒಂದು ಕ್ಲ್ಯಾಂಪ್ ಮೀಟರು ತರಿಸಿಟ್ಟಿದ್ದೇವೆ. ಸದಸ್ಯರು ಪುಸ್ತಕದಲ್ಲಿ ರುಜು ಮಾಡಿ ಎರಡು ದಿನದ ಮಟ್ಟಿಗೆ ಒಯ್ಯಬಹುದು. ಬೋರ್ಡನ್ನು ತೆರೆದು ಅಳೆಯುವ ಕೆಲಸ ಮಾತ್ರ ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಆಗಲಿ. ಹಿಂದಿರುಗಿಸುವಾಗ ಅದರ ಸೆಲ್ ತೆಗೆದು ಬೇರೆ ಇಟ್ಟು ಕೊಡತಕ್ಕದ್ದು.